ಹಳೆಯ ಕಾರಿನೊಳಗೆ ಇಳಿಯುವ ಮಳೆನೀರು

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ, ಕಡಲ ಕಡೆಯ ಗಾಳಿಗೆ ಓರೆಯಾಗಿ ಸುರಿಯುತ್ತದೆ. 15 ವರ್ಷಗಳ ನೋಂದಣಿ ಮುಗಿಸಿ, 5 ವರ್ಷಗಳ ನವೀಕರಣದ ಮೇಲೆ ಓಡುತ್ತಿರುವ ಖಾಸಗಿ ಕಾರಿಗೆ ಈ ಮಳೆಗಾಲವೇ ಕಠಿಣ ಪರೀಕ್ಷೆ. ಒಳಗೆ ಸೇರಿದ ನೀರು ನೆಲಹಾಸಿನ ಅಡಿಯ ದಪ್ಪ ಪದರದಲ್ಲಿ ಇಂಗಿ ವಾರಗಟ್ಟಲೆ ನಿಲ್ಲುತ್ತದೆ. ಮೇಲೆ ಕೈಯಾಡಿಸಿದರೆ ಒಣಗಿದಂತೆ ತೋರುವ ಜಾಗದ ಕೆಳಗೆ ತಗಡು ತುಕ್ಕು ಹಿಡಿಯುತ್ತಿರುತ್ತದೆ. ಗಾಳಿಯಲ್ಲಿ ತೇಲಿಬರುವ ಉಪ್ಪಿನಲ್ಲಿರುವ ಕ್ಲೋರೈಡ್ ಎಂಬ ಅಂಶವು ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ; ಉಪ್ಪು ತೇವವನ್ನು ತಾನೇ ಎಳೆದುಕೊಳ್ಳುವುದರಿಂದ ಕರಾವಳಿಯಲ್ಲಿ ಸೋರಿಕೆಯನ್ನು ಮುಂದಿನ ವರ್ಷಕ್ಕೆ ತಳ್ಳುವುದು ದುಬಾರಿಯಾಗುತ್ತದೆ.

ಹೆಂಚಿನ ಮಾಡಿನಲ್ಲಿ ಹನಿ ಬೀಳುವ ಜಾಗಕ್ಕೂ ಒಡೆದ ಹೆಂಚಿಗೂ ಅಂತರವಿರುವಂತೆ, ಕಾರಿನಲ್ಲಿಯೂ ನೀರು ಕಾಣುವ ಜಾಗವೇ ನೀರು ಹೊಕ್ಕ ಜಾಗವಾಗಿರುವುದಿಲ್ಲ. ಆದ್ದರಿಂದ ಅದು ಯಾವ ನೀರು ಎಂಬುದನ್ನು ಮೊದಲು ತಿಳಿಯಬೇಕು. ಮಳೆಯಿಲ್ಲದ ದಿನವೂ ಎಡಬದಿಯ ಮುಂದಿನ ಆಸನದ ಕಾಲಡಿ ಒದ್ದೆಯಾಗುತ್ತಿದ್ದರೆ ಎ.ಸಿ.ಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರುವ ಸಂಭವ ಹೆಚ್ಚು. ನೀರು ಜಿಡ್ಡಾಗಿ, ಸಿಹಿ ವಾಸನೆಯಿಂದ ಕೂಡಿದ್ದು, ಗಾಜಿನ ಒಳಬದಿ ಮಸುಕಾಗುತ್ತಿದ್ದರೆ ಅದು ಹೀಟರಿನಿಂದ ಸೋರುವ ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ. ಇವೆರಡೂ ಅಲ್ಲವಾದರೆ ಮಾತ್ರ ಮಳೆಯ ದಾರಿಯನ್ನು ಹುಡುಕುವುದು ಸರಿ.

ಕಾರು ನೀರನ್ನು ಪೂರ್ತಿಯಾಗಿ ತಡೆಯುವ ಪೆಟ್ಟಿಗೆಯಲ್ಲ ಎಂಬುದನ್ನು ಬಹಳ ಮಾಲೀಕರು ಗಮನಿಸಿರುವುದಿಲ್ಲ. ಬಾಗಿಲ ಗಾಜಿನ ಮೇಲಿಂದ ಇಳಿದ ನೀರು ಬಾಗಿಲಿನ ಪೊಳ್ಳಿನೊಳಗೆ ಹೋಗಿ ಕೆಳಅಂಚಿನ ಸಣ್ಣ ರಂಧ್ರಗಳಿಂದ ಹೊರಬೀಳುವಂತೆ, ಮುಂಗಾಜಿನ ನೀರು ವೈಪರಿನ ಕೆಳಗಿನ ಕಾಲುವೆಗೆ ಇಳಿದು ಎರಡೂ ಬದಿಯಿಂದ ಹರಿದುಹೋಗುವಂತೆ ವಾಹನವನ್ನು ರೂಪಿಸಿರುತ್ತಾರೆ. ಮಾವಿನ ಮರದಡಿ ನಿಲ್ಲಿಸಿದ ಕಾರಿನಲ್ಲಿ ಹೂವು ಮತ್ತು ಎಲೆ, ಕಡಲಂಚಿನಲ್ಲಿ ಗಾಳಿಮರದ ಸೂಜಿಯಂಥ ಎಸಳು ಈ ಕಾಲುವೆಯಲ್ಲಿ ಕೊಳೆತು ಮಣ್ಣಾಗುತ್ತವೆ. ಹೊರದಾರಿ ಮುಚ್ಚಿದ ನೀರು ಏರಿ, ಗಾಳಿ ಒಳಬರುವ ಕಿಂಡಿಯಿಂದ ಡ್ಯಾಶ್‌ಬೋರ್ಡಿನ ಹಿಂದೆ ಇಳಿಯುತ್ತದೆ. ಇಂಥಲ್ಲಿ ಸೀಲಂಟ್ ಮೆತ್ತುವುದಕ್ಕೆ ಮುಂಚೆ ಕಸ ತೆಗೆಯಬೇಕು. ಬಾಗಿಲಿನ ಕೆಳಗಿನ ರಂಧ್ರವನ್ನೇ ಸೋರಿಕೆಯೆಂದು ಬಗೆದು ಮುಚ್ಚುವುದಂತೂ ಬಾಗಿಲನ್ನು ಒಳಗಿನಿಂದ ಕೊಳೆಯಿಸಿದಂತೆ. ಬಾಗಿಲಿನ ಒಳಹೊದಿಕೆಯ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯೂ ಮುಖ್ಯ. ಸ್ಪೀಕರ್ ಹಾಕುವಾಗಲೋ ಗಾಜು ಏರಿಳಿಸುವ ಯಂತ್ರ ಬದಲಿಸುವಾಗಲೋ ಅದು ಹರಿದರೆ ಪೊಳ್ಳಿನ ನೀರು ನೇರವಾಗಿ ಕಾಲಡಿಗೆ ಬರುತ್ತದೆ.

ಪತ್ತೆಗೆ ಆಸನ ಮತ್ತು ನೆಲಹಾಸನ್ನು ಬಿಚ್ಚಿ, ತಗಡನ್ನು ಒರೆಸಿ ಒಣಗಿಸಿ, ಸಂಶಯದ ಅಂಚುಗಳಿಗೆ ಪೌಡರ್ ಉದುರಿಸಬೇಕು. ಹರಿದ ನೀರು ಅದರಲ್ಲಿ ಗೆರೆ ಬಿಡುತ್ತದೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತಿರುವಾಗ ಇನ್ನೊಬ್ಬರು ಪೈಪಿನಿಂದ ಮೆಲ್ಲಗೆ, ಕೆಳಗಿನಿಂದ ಆರಂಭಿಸಿ ಒಂದೊಂದೇ ಭಾಗವಾಗಿ ಮೇಲಕ್ಕೆ ನೀರು ಬಿಡಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಅಂಚುಗಳನ್ನೂ ಒಮ್ಮೆಗೇ ತೋಯಿಸುವುದರಿಂದ ತಪ್ಪಿತಸ್ಥ ಜಾಗ ತಿಳಿಯುವುದಿಲ್ಲ. ವಾಷಿಂಗ್ ಸೆಂಟರಿನ ರಭಸದ ನೀರು ಮಳೆಯಲ್ಲಿ ಸೋರದ ಕಡೆಯೂ ನುಗ್ಗಿ ದಾರಿ ತಪ್ಪಿಸುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗಿನ ನಡುವೆ ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆದಾಗ ಅದು ಸಲೀಸಾಗಿ ಬಂದರೆ ಆ ಜಾಗದಲ್ಲಿ ರಬ್ಬರ್ ಬಿಗಿ ಕಳೆದುಕೊಂಡಿದೆ. ಡಿಕ್ಕಿಯಲ್ಲಿ ಸ್ಟೆಪ್ನಿಯ ಗುಂಡಿ ತುಂಬುತ್ತಿದ್ದರೆ ಹಿಂದಿನ ದೀಪಗಳ ಸುತ್ತಲಿನ ರಬ್ಬರನ್ನು ನೋಡಬೇಕು.

ದುರಸ್ತಿಯಲ್ಲಿ ವಸ್ತುವಿನ ಆಯ್ಕೆಯೇ ನಿರ್ಣಾಯಕ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮತ್ತು 1983ರಲ್ಲಿ ಬಂದ ಮಾರುತಿ 800ರಂಥ ಕಾರುಗಳಲ್ಲಿ ಮುಂಗಾಜನ್ನು ರಬ್ಬರ್ ಪಟ್ಟಿಯೇ ಹಿಡಿದಿರುತ್ತದೆ. ಅದು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದನ್ನು ಹಾಕಿಸುವುದೇ ಲೇಸು. ನಂತರದ ಕಾರುಗಳ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಕೂರಿಸಿರುವುದರಿಂದ ಅದನ್ನು ತೆಗೆದು ಕೂರಿಸುವುದು ನುರಿತವರ ಕೆಲಸ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಹಚ್ಚಿದಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ಬರಿಯ ತಗಡಿಗೆ ಅದು ತುಕ್ಕನ್ನೇ ಆಹ್ವಾನಿಸುತ್ತದೆ, ಬಣ್ಣವೂ ಅದರ ಮೇಲೆ ನಿಲ್ಲುವುದಿಲ್ಲ. ಗಾಜಿನ ಅಂಚಿನ ತುಕ್ಕನ್ನು ತಗಡು ಹೊಳೆಯುವವರೆಗೆ ಉಜ್ಜಿ, ಪ್ರೈಮರ್ ಹಾಗೂ ಬಣ್ಣ ಹಚ್ಚಿದ ಮೇಲೆಯೇ ಹೊಸ ರಬ್ಬರ್ ಕೂರಿಸಬೇಕು.

ಮನೆಯವರು ಕೊಲ್ಲಿ ದೇಶಗಳಲ್ಲಿರುವುದರಿಂದ ಭಟ್ಕಳದ ಕಡೆ ತಿಂಗಳುಗಟ್ಟಲೆ ನಿಂತೇ ಇರುವ ಕಾರುಗಳಿಗೆ ಇನ್ನೊಂದು ಎಚ್ಚರ ಬೇಕು. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ, ಮಾಡಿನಡಿ ನಿಲ್ಲಿಸಿ, ಹೊಳವಾದ ದಿನಗಳಲ್ಲಿ ನೆಂಟರಿಂದಲೋ ನೆರೆಯವರಿಂದಲೋ ಬಾಗಿಲು ತೆರೆಸಿ ಗಾಳಿಯಾಡಿಸುವ ಏರ್ಪಾಟನ್ನು ಮೇ ತಿಂಗಳೊಳಗೆ ಮಾಡಿಕೊಳ್ಳುವುದು ಒಳಿತು.