ಕತ್ತರಿ ಇಲ್ಲದ ದರ್ಜಿತನ

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕನ್ನಡಿ, ಕವಡೆ ಕೂರಿಸುವ ಈ ಕಸೂತಿಗೆ ಆಧಾರ ಮೊದಲೇ ನೇಯ್ದ ಬಟ್ಟೆ. ಅದರಲ್ಲಿ ವೇಸ್ಟ್‌ಕೋಟ್ ಬೇಕಾದರೆ ದರ್ಜಿ ಮೈಯಳತೆಗೆ ಕತ್ತರಿಸುತ್ತಾನೆ, ಹೆಚ್ಚಾದದ್ದನ್ನು ಒಳಗೆ ಮಡಚಿ ಹೊಲಿಯುತ್ತಾನೆ. ಕ್ರೋಶಾದಲ್ಲಿ ಈ ಅನುಕೂಲವಿಲ್ಲ. ಒಂದೇ ಕೊಕ್ಕೆ ಕಡ್ಡಿ ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತ ಹೋದಂತೆ ಬಟ್ಟೆಯೂ ಆಕಾರವೂ ಒಟ್ಟಿಗೇ ಹುಟ್ಟುತ್ತವೆ. ಕತ್ತರಿ ಹಾಕಿದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಕತ್ತರಿಯ ಕೆಲಸವನ್ನು ಇಲ್ಲಿ ಲೆಕ್ಕವೇ ಮಾಡಬೇಕು.

ವಿನ್ಯಾಸದ ಪುಸ್ತಕ 10 ಸೆಂ.ಮೀ.ಗೆ 20 ಹೊಲಿಗೆ ಎನ್ನುತ್ತದೆ, 96 ಸೆಂ.ಮೀ. ಸುತ್ತಳತೆಗೆ 192 ಹೊಲಿಗೆ ಹಾಕಿಸುತ್ತದೆ ಎಂದುಕೊಳ್ಳಿ. ನಿಮ್ಮ ಕೈ ಸ್ವಲ್ಪ ಸಡಿಲ, 10 ಸೆಂ.ಮೀ.ಗೆ 18 ಮಾತ್ರ ಬೀಳುತ್ತದೆ. ಅಂಗೈಯಗಲದ ಮಾದರಿ ತುಣುಕಿನಲ್ಲಿ ಎರಡೇ ಹೊಲಿಗೆಯ ವ್ಯತ್ಯಾಸ. ಆದರೆ ಅದೇ 192 ಹೊಲಿಗೆ ಈಗ ಸುಮಾರು 107 ಸೆಂ.ಮೀ. ಆಗುತ್ತದೆ, ಅಂದರೆ ವೇಸ್ಟ್‌ಕೋಟ್ 11 ಸೆಂ.ಮೀ. ದೊಗಲೆ. ನಿಮ್ಮ ಕೈಗೆ ಬೇಕಾದದ್ದು 173ರ ಆಸುಪಾಸು. ಜಾಲರಿ ವಿನ್ಯಾಸ ಆರಾರು ಹೊಲಿಗೆಗೆ ಮರುಕಳಿಸುವಂಥದ್ದಾದರೆ 174 ಹಾಕಬೇಕು, ಇಲ್ಲದಿದ್ದರೆ ಹೂವು ಅರ್ಧಕ್ಕೇ ನಿಲ್ಲುತ್ತದೆ. ಅಷ್ಟಕ್ಕೂ ಹೊಂದದಿದ್ದರೆ ಎಣಿಕೆ ಮುಟ್ಟದೆ ಕಡ್ಡಿಯನ್ನೇ ಅರ್ಧ ಮಿ.ಮೀ. ದಪ್ಪದ್ದಕ್ಕೋ ಸಣ್ಣದ್ದಕ್ಕೋ ಬದಲಿಸುವುದು ಸುಲಭ.

ಸುತ್ತಳತೆ ಸರಿಹೋದರೂ ಕಂಕುಳು ಕೈಕೊಡಬಹುದು. ಕಾರಣ ರೇಖಾಗಣಿತದಲ್ಲಿದೆ. ಚಪ್ಪಟೆ ವೃತ್ತದಲ್ಲಿ ಅರ್ಧವ್ಯಾಸ ಒಂದು ಪಾಲು ಬೆಳೆದರೆ ಪರಿಧಿ ಸುಮಾರು 6.28 ಪಾಲು ಬೆಳೆಯುತ್ತದೆ. ಸಿಂಗಲ್ ಕ್ರೋಶಾ ಹೊಲಿಗೆಯ ಎತ್ತರ, ಅಗಲ ಹೆಚ್ಚುಕಡಿಮೆ ಒಂದೇ ಆದ್ದರಿಂದ ಪ್ರತಿ ಸುತ್ತಿಗೆ ಆರು ಹೊಲಿಗೆ ಏರಿಸಿದರೆ ಹೆಣಿಗೆ ಚಪ್ಪಟೆಯಾಗಿ ಕೂರುತ್ತದೆ. ಕಡಿಮೆ ಏರಿಸಿದರೆ ಬಟ್ಟಲಿನಂತೆ ಬಾಗುತ್ತದೆ, ಹೆಚ್ಚು ಏರಿಸಿದರೆ ಅಂಚು ಅಲೆಅಲೆಯಾಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಈ ಅಲೆಯನ್ನೇ ಬಳಸಿಕೊಂಡು, ಹೈಪರ್‌ಬೋಲಿಕ್ ಸಮತಲವೆಂಬ ಗಣಿತದ ಆಕಾರವನ್ನು ಕೈಯಲ್ಲಿ ಹಿಡಿದು ನೋಡುವಂತೆ ಕ್ರೋಶಾದಲ್ಲಿ ಹೆಣೆದರು. ವೇಸ್ಟ್‌ಕೋಟಿನ ಕಂಕುಳ ಅಂಚು ಅಲೆಯಾಡುತ್ತಿದೆ ಎಂದರೆ ಅಲ್ಲಿ ಹೊಲಿಗೆ ಹೆಚ್ಚಾಗಿದೆ ಎಂದರ್ಥ. ಅಂಚಿಗೆ ಪಟ್ಟಿ ಹಾಕುವಾಗ ಬಾಗು ಇರುವ ಕಡೆ ಎರಡೆರಡು ಹೊಲಿಗೆಗಳನ್ನು ಒಂದು ಮಾಡಿದರೆ ಅದು ಮೈಗೆ ಅಂಟಿ ಕೂರುತ್ತದೆ.

ಇನ್ನು ನೂಲಿನ ಮಾತು. ಹೊಸಪೇಟೆ, ಕಂಪ್ಲಿಯ ಏಪ್ರಿಲ್-ಮೇ ಬಿಸಿಲಿನಲ್ಲಿ ಉಷ್ಣಾಂಶ 40 ಡಿಗ್ರಿಗೆ ತಲುಪಿದಾಗ ಗಾಳಿ ಚರ್ಮಕ್ಕಿಂತ ಬಿಸಿ. ಆಗ ಬೀಸುವ ಗಾಳಿ ತಾನಾಗಿ ಮೈ ತಂಪು ಮಾಡಲಾರದು, ಬೆವರು ಆರಬೇಕು. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖ ಹೊತ್ತೊಯ್ಯುತ್ತದೆ. ಹೆಣಿಗೆಯ ಕಿಂಡಿಗಳು ಆ ಆವಿಗೆ ದಾರಿ ಬಿಡುತ್ತವೆ, ಜೊತೆಗೆ ನೂಲನ್ನೂ ತೂಕವನ್ನೂ ಉಳಿಸುತ್ತವೆ. ಅಕ್ರಿಲಿಕ್ ತೇವ ಹೀರುವುದು ತೀರಾ ಕಡಿಮೆ. ಹತ್ತಿ ಚೆನ್ನಾಗಿ ಹೀರುತ್ತದೆ. ಆದರೆ ಹತ್ತಿಗೆ ಉಣ್ಣೆಯ ಸ್ಪ್ರಿಂಗ್ ಗುಣವಿಲ್ಲ, ಸಾಂದ್ರತೆಯೂ ಹೆಚ್ಚು. ಇಡೀ ಭಾರ ಭುಜದ ಮೇಲೆ ಬಿದ್ದು ಹೆಣಿಗೆ ಉದ್ದಕ್ಕೆ ಜೋಲುತ್ತದೆ, ಜೋಲಿದಷ್ಟೂ ಅಡ್ಡಕ್ಕೆ ಕಿರಿದಾಗುತ್ತದೆ.

ಆದ್ದರಿಂದ ಮಾದರಿ ತುಣುಕನ್ನು ಹೆಣೆದ ಕೂಡಲೇ ಅಳೆಯಬಾರದು. ಒಗೆದು, ಕ್ಲಿಪ್ಪು ಹಾಕಿ ತೂಗುಬಿಟ್ಟು, ಒಣಗಿದ ಮೇಲೆ ಅಳೆದ ಸಂಖ್ಯೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಭುಜದ ಮೇಲಿನ ನಾಲ್ಕಾರು ಸಾಲುಗಳನ್ನು ಗಿಡ್ಡ ಹೊಲಿಗೆಯಲ್ಲಿ ಬಿಗಿಯಾಗಿ ಹಾಕಿ, ಕಿಂಡಿಗಳನ್ನು ಎದೆಯಿಂದ ಕೆಳಗೆ ಇಟ್ಟುಕೊಂಡರೆ ಜೋಲುವುದು ಹತೋಟಿಗೆ ಬರುತ್ತದೆ. ಉದ್ದವನ್ನು ಮಾತ್ರ ಎರಡು ಸಾಲು ಕಡಿಮೆಯೇ ಹೆಣೆಯಿರಿ. ಸಾಲದೆ ಬಂದರೆ ಕೆಳ ಅಂಚಿಗೆ ಸೇರಿಸಲು ಯಾವಾಗ ಬೇಕಾದರೂ ಸಾಧ್ಯ.