ಅಕ್ಕ ಈ ದೇಶದವಳು, ತಮ್ಮ ಅಕ್ರಮ ವಲಸಿಗ

2008ರ ಮಾತು. ಆಗ ನಾನು ಚೆನ್ನೈಯ ಒಂದು ಶಾಖೆಯಲ್ಲಿ ಖಾತೆ ತೆರೆಯುವ ಕೌಂಟರಿನಲ್ಲಿದ್ದೆ. ಸಂಬಳದ ವಾರದ ಗಲಾಟೆ ಮುಗಿದ ಒಂದು ಮಧ್ಯಾಹ್ನ ಅಕ್ಕ ತಮ್ಮ ಇಬ್ಬರು ಬಂದು ಎದುರಿಗೆ ನಿಂತರು. ಅಕ್ಕನಿಗೆ ಇಪ್ಪತ್ತೆರಡು, ಬಟ್ಟೆ ಅಂಗಡಿಯಲ್ಲಿ ಕೆಲಸ. ತಮ್ಮನಿಗೆ ಹತ್ತೊಂಬತ್ತು, ಮನೆಗಳಿಗೆ ಬಣ್ಣ ಬಳಿಯುವವನು. ಉಗುರಿನ ಸಂದಿಯಲ್ಲಿ ಬಣ್ಣ ಇನ್ನೂ ಹಾಗೆಯೇ ಇತ್ತು. ಸಂಬಳವನ್ನು ಇನ್ನು ಬ್ಯಾಂಕಿಗೇ ಹಾಕುವುದಾಗಿ ಅಂಗಡಿಯವರು ಅಕ್ಕನಿಗೆ ಹೇಳಿದ್ದರಂತೆ.

ವೋಟರ್ ಕಾರ್ಡ್ ಕೇಳಿದೆ, ಇಲ್ಲ. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಯಾವುದೂ ಇಲ್ಲ. ಕೊಟ್ಟದ್ದು ಗುಮ್ಮಿಡಿಪೂಂಡಿ ಶಿಬಿರದ ಗುರುತಿನ ಚೀಟಿ, ಜತೆಗೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಎರಡು ಜನನ ಪತ್ರ. ಇಬ್ಬರೂ ಹುಟ್ಟಿದ್ದು ಮಂಡಪಂ ನಿರಾಶ್ರಿತರ ಶಿಬಿರದಲ್ಲಿ. ಅಕ್ಕ 1986ರಲ್ಲಿ, ತಮ್ಮ 1989ರಲ್ಲಿ. ತಂದೆ ತಾಯಿ ಲಂಕೆಯ ಗಲಭೆಗೆ ಹೆದರಿ ರಾತ್ರಿ ದೋಣಿ ಹತ್ತಿ ಬಂದವರು. ತಂದೆ ತೀರಿಕೊಂಡಿದ್ದರು, ತಾಯಿಗೆ ಕಾಯಿಲೆ.

ನನ್ನ ತಮಿಳಿನ ರಾಗ ಕೇಳಿ ಹುಡುಗಿ, "ಸಾರ್‌ಗೆ ಯಾವ ಊರು?" ಎಂದಳು. ಸುಳ್ಯದ ಕಡೆ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ನಮ್ಮ ಪೆರಿಯಪ್ಪ ಸುಳ್ಯದಲ್ಲೇ ಇದ್ದಾರೆ ಸಾರ್, ರಬ್ಬರ್ ತೋಟದಲ್ಲಿ."

ನಮ್ಮ ದಕ್ಷಿಣ ಕನ್ನಡದ ಓದುಗರಿಗೆ ಈ ರಬ್ಬರ್ ತೋಟದ ಕಾಲನಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾನು ಶಾಲೆಗೆ ಹೋಗುವ ಕಾಲದಲ್ಲಿ ಅವರನ್ನು ಸಿಲೋನಿನವರು ಎನ್ನುತ್ತಿದ್ದೆವು. ಬೆಳಗ್ಗೆ ಕತ್ತಲಿರುವಾಗಲೇ ಟ್ಯಾಪಿಂಗ್‌ಗೆ ಹೊರಟ ಹೆಂಗಸರು ನಾವು ಬಸ್ಸಿಗೆ ಓಡುವ ಹೊತ್ತಿಗೆ ಹಾಲಿನ ಬಕೆಟ್ ಹೊತ್ತು ಬರುತ್ತಿದ್ದರು. ಬ್ರಿಟಿಷರು ಟೀ ತೋಟದ ಕೂಲಿಗೆಂದು ತಮಿಳು ನಾಡಿನಿಂದ ಸಿಲೋನಿಗೆ ಒಯ್ದವರ ಸಂತತಿ ಅವರು. ಆ ದೇಶ ಸ್ವತಂತ್ರವಾದ ವರ್ಷವೇ, 1948ರಲ್ಲಿ, ಹೊಸ ಪೌರತ್ವ ಕಾಯಿದೆ ಬಂದು ಬಹುಪಾಲು ತೋಟದ ತಮಿಳರು ಯಾವ ದೇಶದವರೂ ಅಲ್ಲದವರಾದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು: 5,25,000 ಮಂದಿ ಭಾರತಕ್ಕೆ, 3 ಲಕ್ಷ ಮಂದಿ ಸಿಲೋನಿಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಸಮಪಾಲು ಮಾಡಲಾಯಿತು. ನಮ್ಮ ಲೆಡ್ಜರಿನಲ್ಲಿ ಬಾಕಿ ಹಂಚಿದ ಹಾಗೆ! ಹೀಗೆ ಭಾರತದ ಪಾಸ್‌ಪೋರ್ಟ್ ಹಿಡಿದು ತಲೈಮನ್ನಾರ್‌ನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಸರಕಾರಿ ರಬ್ಬರ್ ತೋಟದಲ್ಲಿ ಕೆಲಸ ಸಿಕ್ಕಿತು.

ಈ ಮಕ್ಕಳ ದೊಡ್ಡಪ್ಪ ಹಾಗೆ ಬಂದವರು. ಅವರ ತಮ್ಮ, ಅಂದರೆ ಮಕ್ಕಳ ಅಪ್ಪ, ಅಲ್ಲೇ ಉಳಿದರು. 1983ರ ಜುಲೈಯಲ್ಲಿ ತಮಿಳರ ಮೇಲೆ ದಾಳಿ ನಡೆಯಿತು, ಮರುವರ್ಷ ಹಡಗು ನಿಂತಿತು. ಆಮೇಲೆ ಉಳಿದದ್ದು ದೋಣಿಯೊಂದೇ. ಅಣ್ಣ ಹಡಗಿನಲ್ಲಿ ಬಂದು ಪ್ರಜೆಯಾದರು. ತಮ್ಮ ದೋಣಿಯಲ್ಲಿ ಬಂದು ವಿದೇಶೀಯರಾದರು. ಇಬ್ಬರೂ ಇಳಿದದ್ದು ಅದೇ ಕಡಲತೀರದಲ್ಲಿ!

ನಮ್ಮ ದೇಶ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಊಟ, ವಸತಿ ಕೊಟ್ಟದ್ದುಂಟು; ಆದರೆ ಕಾನೂನಿನಲ್ಲಿ ನಿರಾಶ್ರಿತ ಎಂಬ ಕಾಲಂ ಇಲ್ಲ. 2003ರ ತಿದ್ದುಪಡಿಯ ಪ್ರಕಾರ ಪಾಸ್‌ಪೋರ್ಟ್ ಇಲ್ಲದೆ ಬಂದವರೆಲ್ಲ ಅಕ್ರಮ ವಲಸಿಗರು, ಅಂಥವರು ಪೌರತ್ವಕ್ಕೆ ಅರ್ಜಿ ಹಾಕುವಂತಿಲ್ಲ. 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಗೆ ಸೀಮಿತ. ಲಂಕೆಯ ಹೆಸರು ಅದರಲ್ಲಿಲ್ಲ.

ಶಿಬಿರದ ಜೀವನವನ್ನು ಆ ಹುಡುಗ ಹೇಳಿದಷ್ಟೇ ಬರೆಯುತ್ತೇನೆ. ಹತ್ತು ಅಡಿಗೆ ಹತ್ತು ಅಡಿ ಕೋಣೆ. ತಲೆ ಎಣಿಸುವ ದಿನ ಶಿಬಿರದಲ್ಲಿ ಹಾಜರಿರಲೇಬೇಕು, ಹೀಗಾಗಿ ದೂರದೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕರೂ ಒಪ್ಪಿಕೊಳ್ಳುವಂತಿಲ್ಲ. ಪ್ಲಸ್ ಟೂನಲ್ಲಿ ಒಳ್ಳೆಯ ಅಂಕ ತೆಗೆದಿದ್ದ. "ಓದಿದವರೂ ಕಡೆಗೆ ಬಣ್ಣವೇ ಬಳಿಯುವುದು ಸಾರ್, ಅದಕ್ಕೆ ನಾನು ಮೊದಲೇ ಶುರು ಮಾಡಿದೆ" ಎಂದ. ನಗುತ್ತಲೇ ಹೇಳಿದ. ಶಿಬಿರದವರಿಗೆ ತಿಂಗಳ ಸಹಾಯಧನ ಉಂಟು. 2021ರಲ್ಲಿ ತಮಿಳುನಾಡು ಸರಕಾರ ಅದನ್ನು ಕುಟುಂಬದ ಯಜಮಾನರಿಗೆ 1,500 ರೂಪಾಯಿ, ಉಳಿದ ವಯಸ್ಕರಿಗೆ 1,000, ಮಕ್ಕಳಿಗೆ 500 ಎಂದು ಏರಿಸಿತು. ಶಿಬಿರದ ಹೆಸರೂ ಪುನರ್ವಸತಿ ಶಿಬಿರ ಎಂದು ಬದಲಾಯಿತು. ಆ ಹೊತ್ತಿಗೆ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಸುಮಾರು 58 ಸಾವಿರ ಮಂದಿ ಇದ್ದರು.

ನಾನು ಅವರ ಕಾಗದಗಳನ್ನು ಒಳಗೆ ಒಯ್ದು ತೋರಿಸಿದೆ. ವಿದೇಶೀಯರ ವಿಷಯ, ಸುಮ್ಮನೆ ಮೈಮೇಲೆ ಎಳೆದುಕೊಳ್ಳಬೇಡಿ ಎಂಬ ಉತ್ತರ ಬಂತು. ಹಾಗೆಯೇ ಹೇಳಿ ಇಬ್ಬರನ್ನೂ ಕಳುಹಿಸಿದೆ. ಹುಡುಗಿ ಜನನ ಪತ್ರಗಳನ್ನು ಮಡಿಸಿ ಕವರಿನಲ್ಲಿಡುತ್ತಾ, "ಇಲ್ಲೇ ಹುಟ್ಟಿದ್ದೇವಲ್ಲ ಸಾರ್, ಅದು ಸಾಲದಾ?" ಎಂದು ಕೇಳಿದಳು. ಸಾಲದಮ್ಮಾ ಎಂದೆ.

ನಾನು ಹೇಳಿದ್ದು ತಪ್ಪು. ಅದು ಗೊತ್ತಾಗಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. 2022ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಒಂದು ತೀರ್ಪು ಪತ್ರಿಕೆಯಲ್ಲಿ ಬಂತು. ಮಂಡಪಂ ಶಿಬಿರದಲ್ಲಿ 1986ರಲ್ಲಿ ಹುಟ್ಟಿದ ಒಬ್ಬ ಮಹಿಳೆಗೆ ಪಾಸ್‌ಪೋರ್ಟ್ ನಿರಾಕರಿಸಲಾಗಿತ್ತು. ಆಕೆ ಹುಟ್ಟಿನಿಂದಲೇ ಭಾರತೀಯಳು, ಪಾಸ್‌ಪೋರ್ಟ್ ಕೊಡಿ ಎಂದಿತು ನ್ಯಾಯಾಲಯ. 1955ರ ಪೌರತ್ವ ಕಾಯಿದೆಯ ಮೂರನೆಯ ಕಲಮು ಹೇಳುವುದು ಅದನ್ನೇ: 1950ರ ಜನವರಿ 26ರಿಂದ 1987ರ ಜೂನ್ 30ರೊಳಗೆ ಈ ನೆಲದಲ್ಲಿ ಹುಟ್ಟಿದವರು, ತಂದೆ ತಾಯಿ ಯಾವ ದೇಶದವರಾಗಿದ್ದರೂ, ಭಾರತೀಯರು. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ನಿಯಮ ಇನ್ನೂ ಬಿಗಿ. ಆ ಮಹಿಳೆ 2024ರ ಲೋಕಸಭಾ ಚುನಾವಣೆಯಲ್ಲಿ ತಿರುಚ್ಚಿಯಲ್ಲಿ ಮತ ಹಾಕಿದರು.

ಅಂದರೆ ನನ್ನ ಕೌಂಟರಿನ ಎದುರು ನಿಂತಿದ್ದ ಇಬ್ಬರಲ್ಲಿ ಅಕ್ಕ ಆ ದಿನವೂ ಭಾರತೀಯಳೇ. ಅವಳ ಕೈಯಲ್ಲಿದ್ದ ಕಾಗದವೇ ಅದಕ್ಕೆ ಸಾಕ್ಷಿ. ನಾನು ತಾರೀಕು ಓದಿದೆ, ಕಾಯಿದೆ ಓದಿರಲಿಲ್ಲ. ಸಂಜೆ ಕಾಲೇಜಿನ ಬಿ.ಕಾಂ.ನಲ್ಲಿ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್ ಬಾಯಿಪಾಠ ಮಾಡಿದ್ದೆವು, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಎಂಬುದು ನೆಪವಷ್ಟೆ.

ತಮ್ಮನ ಸ್ಥಿತಿ ಬೇರೆ. ಅದೇ ತಾಯಿ, ಅದೇ ಶಿಬಿರ, ಮೂರು ವರ್ಷದ ಅಂತರ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರದ ಆದೇಶ ಬಂತು. 2015ರ ಜನವರಿ 9ರೊಳಗೆ ಬಂದು ನೋಂದಣಿಯಾದ ಲಂಕೆಯ ತಮಿಳರನ್ನು ಪಾಸ್‌ಪೋರ್ಟ್, ವೀಸಾ ಇಲ್ಲವೆಂದು ಶಿಕ್ಷಿಸುವಂತಿಲ್ಲ. ಜೈಲಿನ ಭಯ ಅಷ್ಟರ ಮಟ್ಟಿಗೆ ತಪ್ಪಿತು. ಆದರೆ ಆ ಆದೇಶ ಯಾರನ್ನೂ ಪ್ರಜೆಯಾಗಿ ಮಾಡುವುದಿಲ್ಲ.

ಅವರಿಬ್ಬರ ವಿಳಾಸವನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ. ಊರಿಗೆ ಹೋದಾಗ ಕಾಲನಿಗೆ ಹೋಗಿ ವಿಚಾರಿಸಿದೆ. ದೊಡ್ಡಪ್ಪನ ಹೆಸರೂ ತಿಳಿಯದೆ ಯಾರನ್ನು ಹುಡುಕುವುದು? ಚೆನ್ನೈ, ವೆಲ್ಲೂರು, ತಿರುಚ್ಚಿ ಕಡೆಯ ನಮ್ಮ ಸಂಘಗಳ ಸದಸ್ಯರ ಅಂಗಡಿ, ಕಾರ್ಖಾನೆ, ಮನೆಗಳಲ್ಲಿ ಶಿಬಿರದವರು ಕೆಲಸಕ್ಕಿರಬಹುದು. ಅವರು ಇಲ್ಲಿಯೇ 1987ರ ಜುಲೈ 1ಕ್ಕಿಂತ ಮೊದಲು ಹುಟ್ಟಿದವರಾದರೆ ಜನನ ಪತ್ರ ಇದೆಯೇ ಎಂದು ದಯವಿಟ್ಟು ಕೇಳಿ. ಇದ್ದರೆ ಒಬ್ಬ ವಕೀಲರಿಗೆ ತೋರಿಸಿ.