ಪೇಟಿ ಮಾಸ್ತರರು ಬರದ ದಿನಕ್ಕೊಂದು ಮೀಟುವಾದ್ಯ

ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಭಜನೆಗೆ ಕೂತರೆ ತತ್ವಪದ, ವಚನ ಹಾಡುವವರಿಗೆ ಬರವಿಲ್ಲ. ಬರ ಇರುವುದು ನುಡಿಸುವವರಿಗೆ. ಪೇಟಿ ಮಾಸ್ತರರು ಪರಊರಿಗೆ ಹೋಗಿದ್ದರೆ ಹಾಡು ಒಂದು ಶ್ರುತಿಯಲ್ಲಿ ಎದ್ದು ಇನ್ನೊಂದರಲ್ಲಿ ಕೂರುತ್ತದೆ. ಹಾರ್ಮೋನಿಯಂ ಬೇಗ ಒಲಿಯುವ ವಾದ್ಯವೂ ಅಲ್ಲ. ಒಂದು ಕೈ ತಿದಿ ಒತ್ತಬೇಕು, ಇನ್ನೊಂದು ಕೈ ಮನೆ ಹುಡುಕಬೇಕು. ಹೊಲ, ಅಂಗಡಿ, ಶಾಲೆ ಮುಗಿಸಿ ಬಂದವರು ಅಷ್ಟು ಸಾಧನೆಗೆ ಎಲ್ಲಿಂದ ಹೊತ್ತು ತರಬೇಕು? ಅಂಥವರಿಗೆ ಎಲೆಕ್ಟ್ರಾನಿಕ್ ಮೀಟುವಾದ್ಯಗಳನ್ನು ಪರಿಚಯಿಸಬೇಕು ಅನ್ನಿಸುತ್ತದೆ.

ಇವುಗಳಲ್ಲಿ ಹೆಸರಾದದ್ದು ಆಮ್ನಿಕಾರ್ಡ್. ಜಪಾನಿನ ಹಮಾಮಾತ್ಸು ನಗರದ ಸುಜುಕಿ ವಾದ್ಯ ಕಂಪನಿ ಇದನ್ನು 1981ರಲ್ಲಿ ತಂದಿತು. ಮಡಿಲಲ್ಲಿ ಇಟ್ಟುಕೊಳ್ಳುವ ಪೆಟ್ಟಿಗೆ. ಎಡಗೈ ಕಡೆ ಗುಂಡಿಗಳ ಸಾಲು, ಬಲಗೈ ಕಡೆ ಬೆರಳು ಎಳೆಯುವ ಉದ್ದ ಪಟ್ಟಿ. ತಂತಿ ಒಂದೂ ಇಲ್ಲ. ಆರ್ಕೆಸ್ಟ್ರಾದವರು ‘ಕಾರ್ಡ್ಸ್’ ಅನ್ನುವ ಸ್ವರಗುಚ್ಛಗಳು ಆ ಗುಂಡಿಗಳಲ್ಲಿವೆ. ಮೊದಲ ಮಾದರಿಯಲ್ಲಿ 27 ಗುಚ್ಛಗಳಿದ್ದವು, ಆಮೇಲಿನದರಲ್ಲಿ 84, 2024ರಲ್ಲಿ ಮಾರುಕಟ್ಟೆಗೆ ಬಂದ ಹೊಸದರಲ್ಲಿ 108.

ಅದು ನುಡಿಯುವುದು ಹೀಗೆ. ಗುಂಡಿ ಒತ್ತಿದ ಕೂಡಲೇ ಒಳಗಿನ ಸರ್ಕ್ಯೂಟು ಆ ಗುಚ್ಛದ ಸ್ವರಗಳನ್ನಷ್ಟೇ ಆರಿಸಿ ಪಟ್ಟಿಯುದ್ದಕ್ಕೂ ಹಂಚುತ್ತದೆ. ಮೇಜರ್ ಗುಂಡಿಯಾದರೆ ಸ, ಗ, ಪ, ಮತ್ತೆ ಮೇಲಿನ ಸ, ಗ, ಪ, ಹೀಗೆ ನಾಲ್ಕು ಸಪ್ತಕದವರೆಗೆ. ಬೆರಳು ಪಟ್ಟಿಯ ಯಾವ ಭಾಗಕ್ಕೆ ತಾಗಿತೋ ಆ ಸ್ವರ ಎದ್ದು, ಮೀಟಿದ ತಂತಿಯ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಗುಚ್ಛದ ಹೊರಗಿನ ಸ್ವರ ಪಟ್ಟಿಯಲ್ಲಿ ಇರುವುದೇ ಇಲ್ಲ. ಹಾಗಾಗಿ ಬೆರಳು ಎಲ್ಲಿ ಇಟ್ಟರೂ ಅಪಸ್ವರವಾಗದು. ಗಿಟಾರಿನಲ್ಲಿ ಬೆರಳ ತುದಿ ನೋಯಿಸಿಕೊಂಡು ತಿಂಗಳುಗಟ್ಟಲೆ ಕಲಿಯುವುದನ್ನು ಇಲ್ಲಿ ಒಂದು ಗುಂಡಿ ಮಾಡಿಕೊಡುತ್ತದೆ. ಎಷ್ಟು ವೇಗ, ಎಲ್ಲಿ ನಿಲ್ಲಿಸಬೇಕು, ಯಾವ ಮಾತಿಗೆ ಮೀಟಬೇಕು ಎಂಬುದು ಮಾತ್ರ ನುಡಿಸುವವರ ಪಾಲಿಗೇ ಉಳಿದಿದೆ. ಕಲಿಯುವವರಿಗೆ ಹುಮ್ಮಸ್ಸು ಕೊಡುವುದು ಅದೇ. ಮೀಟಲು ನಖಿ ಬೇಡ, ಬರಿ ಬೆರಳೇ ತಾಗಬೇಕು.

ಇನ್ನೊಂದು ಗುಣ ನನಗೆ ಬಹಳ ಮುಖ್ಯವೆನಿಸುತ್ತದೆ. ನಮ್ಮ ಭಾಗದ ಎಷ್ಟೋ ಪೇಟಿ ಮಾಸ್ತರರು ಪಂಡಿತ ಪುಟ್ಟರಾಜ ಗವಾಯಿಗಳು ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಅವರಲ್ಲಿ ಕಣ್ಣು ಕಾಣದವರು ಅನೇಕರು. ಆಮ್ನಿಕಾರ್ಡಿನ ಗುಂಡಿಗಳನ್ನು ತಡವಿ ಲೆಕ್ಕ ಹಾಕಬಹುದು. ಸ ಗುಂಡಿಯ ಒಂದು ಪಕ್ಕಕ್ಕೆ ಮ, ಇನ್ನೊಂದು ಪಕ್ಕಕ್ಕೆ ಪ ಬರುವಂತೆ ಅವನ್ನು ಜೋಡಿಸಿರುತ್ತಾರೆ. ಮೊಬೈಲಿನಲ್ಲೂ ಇಂಥ ಆ್ಯಪ್‌ಗಳಿವೆ, ಖರ್ಚೂ ಕಡಿಮೆ. ಆದರೆ ನುಣ್ಣನೆಯ ಗಾಜಿನ ಮೇಲೆ ಬೆರಳಿಗೆ ಗುರುತು ಸಿಗದು.

ನಮ್ಮ ಹಾಡಿಗೆ ಇದನ್ನು ಹೊಂದಿಸುವಾಗ ಎಚ್ಚರ ಬೇಕು. ರಾಗಕ್ಕೆ ಒಗ್ಗದ ಗುಚ್ಛ ಹಿಡಿದರೆ ಹಾಡೇ ಕೆಡುತ್ತದೆ. ನಿಮ್ಮ ಷಡ್ಜ ಬಿಳಿ ಎರಡು, ಅಂದರೆ ಡಿ ಎಂದುಕೊಳ್ಳಿ. ಭೂಪ್ ರಾಗದ ಹಾಡಿಗೆ ಡಿ ಮೇಜರ್ ಸಲೀಸಾಗಿ ಕೂಡುತ್ತದೆ. ಭೈರವಿಗೆ ಅದು ಬೇಡ, ಅಲ್ಲಿ ಗಾಂಧಾರ ಕೋಮಲ. ಡಿ ಮೈನರ್ ಹಿಡಿಯಿರಿ. ಮಾಲಕಂಸದಲ್ಲಿ ಪಂಚಮವೇ ಇಲ್ಲದ್ದರಿಂದ ಡಿಯ ಎರಡೂ ಗುಂಡಿ ತಪ್ಪು. ಜಿ ಮೈನರ್ ಒತ್ತಿದರೆ ಮ, ಕೋಮಲ ಧ, ಸ ಬರುತ್ತವೆ, ಮೂರೂ ರಾಗದವೇ. ದುರ್ಗಾ ರಾಗದಲ್ಲಿ ಗಾಂಧಾರ ಇಲ್ಲ, ಅದಕ್ಕೆ ಜಿ ಮೇಜರ್. ಒಂದು ಹಾಡಿಗೆ ಒಂದೇ ಗುಂಡಿ ಸಾಕು. ಸಾಲಿಗೊಮ್ಮೆ ಗುಂಡಿ ಬದಲಿಸಿದರೆ ತತ್ವಪದ ಸಿನಿಮಾ ಹಾಡಿನ ಕಡೆ ವಾಲುತ್ತದೆ.

ಎರಡು ಕೊರತೆಗಳನ್ನು ಹೇಳಲೇಬೇಕು. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಈ ಪಟ್ಟಿಯಲ್ಲಿ ಆಗದು. ಜೊತೆಗೆ ಸಪ್ತಕವನ್ನು 12 ಸಮಭಾಗ ಮಾಡಿ ಇಟ್ಟ ಸ್ವರಗಳಿವು. ಒಂದು ಅರ್ಧಸ್ವರವನ್ನು 100 ಪಾಲು ಮಾಡಿದರೆ, ಇದರ ಶುದ್ಧ ಗಾಂಧಾರ ತಂಬೂರಿಯ ನಾದದಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಪಾಲು ಮೇಲೆ ನಿಲ್ಲುತ್ತದೆ. ಹಾರ್ಮೋನಿಯಂ ಮೇಲೂ ಇವೇ ದೂರುಗಳಿದ್ದವು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿ, ಮೂರು ದಶಕ ಕಳೆದ ಮೇಲೆ ಸಡಿಲಿಸಿತು. ಅಷ್ಟರಲ್ಲಿ ನಮ್ಮ ಭಜನೆ, ಬಯಲಾಟ, ಕಂಪನಿ ನಾಟಕಗಳೆಲ್ಲ ಪೇಟಿಯನ್ನು ತಮ್ಮದಾಗಿಸಿಕೊಂಡಿದ್ದವು.

ಶಾಸ್ತ್ರೀಯ ಸಂಗೀತ ಕಲಿಯುವ ಮಕ್ಕಳಿಗೆ ಎಲೆಕ್ಟ್ರಾನಿಕ್ ತಂಬೂರಿಯೇ ಸರಿ. ಅದು ಕರ್ನಾಟಕದ್ದೇ ಕೊಡುಗೆ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಬೆಂಗಳೂರಿನಲ್ಲಿ ಅದನ್ನು ರೂಪಿಸಿದರು, ಅವರ ರಾಡೆಲ್ ಸಂಸ್ಥೆ ಅದನ್ನು ಮನೆಮನೆಗೆ ಮುಟ್ಟಿಸಿತು. ಇಲ್ಲಿ ಮೀಟುವ ಕೆಲಸವೂ ಯಂತ್ರದ್ದೇ. ಶ್ರುತಿ ಹೊಂದಿಸಿ, ಮೊದಲ ತಂತಿ ಪಂಚಮವೋ ಮಧ್ಯಮವೋ ಆರಿಸಿದರೆ ಆಯಿತು. ಕೊಪ್ಪಳದ ಬೇಸಿಗೆಗೆ ನಿಜವಾದ ತಂಬೂರಿಯ ತಂತಿ ಸಡಿಲಾಗಿ ಮತ್ತೆ ಮತ್ತೆ ಶ್ರುತಿ ಮಾಡಬೇಕಾಗುತ್ತದೆ, ಡಿಜಿಟಲ್ ತಂಬೂರಿಗೆ ಆ ಕಾಟವಿಲ್ಲ.

ಯಾವುದನ್ನೇ ಕೊಳ್ಳಿ, ಬ್ಯಾಟರಿಯಲ್ಲೂ ನಡೆಯುವುದನ್ನೇ ಕೇಳಿ, ಕರೆಂಟು ಹೋದರೆ ಭಜನೆ ನಿಲ್ಲಬಾರದು. ಹೊರಗಿನ ಸ್ಪೀಕರಿಗೆ ವೈರು ಚುಚ್ಚುವ ಜಾಗ ಇದೆಯೇ ನೋಡಿ. ಬಯಲಿನಲ್ಲಿ, ಡಗ್ಗಾ ಮತ್ತು ತಾಳದ ನಡುವೆ, ಅದರ ಸ್ವಂತ ದನಿ ಮೂರನೇ ಸಾಲಿಗೂ ಕೇಳಿಸದು. ಅದಕ್ಕಿಂತ ಮೊದಲು ಮೇಳದವರ ಶ್ರುತಿ ಗುರುತು ಹಾಕಿಕೊಳ್ಳಿ. ಗಂಡಸರು ಸಾಮಾನ್ಯವಾಗಿ ಕರಿ ಒಂದು ಅಥವಾ ಬಿಳಿ ಎರಡರ ಸುತ್ತ ಹಾಡುತ್ತಾರೆ, ಹೆಂಗಸರು ಕರಿ ನಾಲ್ಕು, ಐದರ ಸುತ್ತ. ಹಳೆಯ ಸಣ್ಣ ಮಾದರಿಗಳಲ್ಲಿ 12 ಷಡ್ಜಗಳೂ ಇರುವುದಿಲ್ಲ, ನಿಮಗೆ ಬೇಕಾದದ್ದು ಇದೆಯೇ ಎಂದು ಒತ್ತಿ ನೋಡಿಯೇ ದುಡ್ಡು ಕೊಡಿ.